ಬ್ಯಾಂಕಾಕ್‌ನಲ್ಲಿ ರಾತ್ರಿ ತಿರುಗಾಟ, ಅಲ್ಲಿಯ ಗೈಡ್ ಜೊತೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯಿಂದ ಬ್ಯಾಂಕಾಕ್‌ಗೆ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಹೈದರಾಬಾದ್ ವಿಮಾನ ನಿಲ್ದಾಣ ನಮಗೆ ಹತ್ತಿರ, ಅಲ್ಲಿಂದ ನಾಲ್ಕು ತಾಸಿನೊಳಗೆ ಬ್ಯಾಂಕಾಕ್. 2024ರಲ್ಲಿ ಭಾರತದಿಂದ ಥಾಯ್ಲೆಂಡ್‌ಗೆ ಹೋದವರು 20 ಲಕ್ಷ ದಾಟಿದ್ದಾರೆ. ಆದರೆ ಮನೆಮಂದಿ ಜೊತೆ ಹೋದವರಲ್ಲಿ ಬಹಳ ಜನ ಸಂಜೆ ಏಳಕ್ಕೇ ಹೋಟೆಲ್ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಊರಿನ ರಾತ್ರಿಗೆ ಇಲ್ಲಿ ಕೆಟ್ಟ ಹೆಸರಿದೆ. ಕೆಟ್ಟ ಹೆಸರು ಬಂದಿರುವುದು ಕೆಲವೇ ಬೀದಿಗಳಿಂದ. ಉಳಿದ ಊರಿನಲ್ಲಿ ರಾತ್ರಿಯಿಡೀ ಹೂ ಮಾರುತ್ತಾರೆ, ಅಡುಗೆ ಮಾಡುತ್ತಾರೆ, ದೇವರಿಗೆ ಕೈ ಮುಗಿಯುತ್ತಾರೆ. ಅದನ್ನು ತೋರಿಸಲು ಆ ಊರಿನವರೇ ಒಬ್ಬರು ಜೊತೆಗಿರಬೇಕು. ನೆಂಟರು, ಗೆಳೆಯರು, ಅವರ ಗೆಳೆಯರು ಕೇಳುತ್ತಾ ಬಂದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳು ಇಲ್ಲಿವೆ.

ಹೆಂಡತಿ, ಮಕ್ಕಳು, ಅವ್ವ-ಅಪ್ಪ ಜೊತೆಗಿದ್ದಾರೆ. ರಾತ್ರಿ ಹೊರಗೆ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಪಾಟ್‌ಪಾಂಗ್, ನಾನಾ, ಸೋಯ್ ಕೌಬಾಯ್ ಎಂಬ ಮೂರು ಕಡೆ ಬಾರ್‌ಗಳ ಬೀದಿಗಳಿವೆ. ಅವು ಎಲ್ಲಿವೆ ಎಂದು ಗೊತ್ತಿದ್ದರೆ ಸಾಕು, ಆ ಕಡೆ ಕಾಲಿಡದೆ ಇಡೀ ರಾತ್ರಿ ತಿರುಗಬಹುದು. ನಾನು ಹೇಳುವ ಜಾಗಗಳಲ್ಲಿ ಹೆಚ್ಚಿನವು ಹಳೇ ಊರಿನ ಕಡೆಯವು. ಅಲ್ಲಿ ರಾತ್ರಿ ಹತ್ತಕ್ಕೂ ಅಲ್ಲಿಯವರೇ ಮಕ್ಕಳನ್ನು ಎತ್ತಿಕೊಂಡು ತಿನ್ನಲು ಬಂದಿರುತ್ತಾರೆ. ಅಜ್ಜ-ಅಜ್ಜಿಯರು ಫುಟ್‌ಪಾತ್ ಮೇಲೆ ಸ್ಟೂಲ್ ಹಾಕಿಕೊಂಡು ನೂಡಲ್ಸ್ ತಿನ್ನುತ್ತಿರುತ್ತಾರೆ. ಬ್ಯಾಂಕಾಕ್‌ನಲ್ಲಿ ಹಗಲಿನ ಸೆಕೆ ತಡೆಯಲಾಗದಷ್ಟು. ನಮ್ಮ ಕಲಬುರಗಿಯ ಒಣ ಬಿಸಿಲಲ್ಲ ಅದು, ಮೈಗೆ ಅಂಟುವ ಸೆಕೆ. ಹಾಗಾಗಿ ಅಲ್ಲಿಯ ಜನ ಹೊರಗೆ ಬರುವುದೇ ಹೊತ್ತು ಮುಳುಗಿದ ಮೇಲೆ. ಹಗಲು ಮಾತ್ರ ನೋಡಿ ಬಂದವರು ಆ ಊರಿನ ಜನರನ್ನು ಸರಿಯಾಗಿ ನೋಡಿದಂತೆ ಆಗುವುದಿಲ್ಲ.

ಫೋನಿನಲ್ಲಿ ಮ್ಯಾಪ್ ಇದೆ. ಗೈಡ್ ಯಾಕೆ ಬೇಕು?

ದಾರಿ ತೋರಿಸಲಿಕ್ಕೆ ಬೇಡ. ದಾರಿ ಮ್ಯಾಪ್ ತೋರಿಸುತ್ತದೆ. ಗೈಡ್ ಬೇಕಾಗುವುದು ಜನರ ಜೊತೆ ಮಾತಾಡಲು.

ಹೂವಿನ ಮಾರ್ಕೆಟ್‌ನಲ್ಲಿ ಒಬ್ಬ ಅಜ್ಜಿ ಹಾರ ಮಾಡುತ್ತಾ ಕೂತಿದ್ದರು. ಸುಮ್ನೆ ನಿಂತು ನೋಡಿ ಫೋಟೊ ತೆಗೆದು ಹೋಗಬಹುದಿತ್ತು. ನಮ್ಮ ಗೈಡ್ ಆ ಅಜ್ಜಿಗೆ ಪರಿಚಯ. ಪಕ್ಕದಲ್ಲಿ ಕೂರಲು ಜಾಗ ಮಾಡಿಸಿದಳು. ಅಲ್ಲಿ ಹೂವನ್ನು ಬೆರಳಲ್ಲಿ ಕಟ್ಟುವುದಿಲ್ಲ. ಉದ್ದನೆಯ ಸೂಜಿಗೆ ವ್ಯಾಸ್‌ಲಿನ್ ಸವರಿ, ಮಲ್ಲಿಗೆ ಮೊಗ್ಗನ್ನು ಸುತ್ತಲೂ ಒಂದೇ ಅಳತೆಗೆ ಚುಚ್ಚಿ, ಆಮೇಲೆ ದಾರಕ್ಕೆ ಜಾರಿಸುತ್ತಾರೆ. ನಮ್ಮ ಜೊತೆ ಬಂದಿದ್ದ ಕಾಕೂ ಒಂದು ದಾರ ಕೇಳಿ ಪಡೆದು, ಮಲ್ಲಿಗೆಯನ್ನು ನಮ್ಮಲ್ಲಿಯ ಹಾಗೆ ಬೆರಳಲ್ಲೇ ಕಟ್ಟಿ ತೋರಿಸಿದರು. ಅಜ್ಜಿ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಮಧ್ಯೆ ನಮ್ಮ ಗೈಡ್. ಮ್ಯಾಪ್ ಇದನ್ನು ಮಾಡಿಕೊಡುವುದಿಲ್ಲ ನೋಡಿ.

ಇನ್ನೊಂದು ಲಾಭ ಇದೆ. ಮೊದಲ ರಾತ್ರಿ ಗೈಡ್ ಜೊತೆ ಹೋದರೆ ಮುಂದಿನ ರಾತ್ರಿಗಳಲ್ಲಿ ನೀವೇ ಧೈರ್ಯವಾಗಿ ಹೋಗುತ್ತೀರಿ. ಎಲ್ಲಿ ತಿನ್ನಬೇಕು, ಎಲ್ಲಿ ರಸ್ತೆ ದಾಟಬೇಕು, ಟುಕ್‌ಟುಕ್ ಎಂಬ ಅಲ್ಲಿಯ ಆಟೊದವನಿಗೆ ಏನು ಹೇಳಬೇಕು, ಎಲ್ಲ ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ. ಹಾಗಾಗಿ ಗೈಡ್‌ನ ದುಡ್ಡು ಒಂದು ರಾತ್ರಿಗಲ್ಲ, ಇಡೀ ಪ್ರವಾಸಕ್ಕೆ ಎಂದು ಲೆಕ್ಕ ಹಾಕಿ.

ಪ್ಯಾಕೇಜ್‌ನವರೇ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಅವರು ಸಾಲದಾ?

ಇಲ್ಲಿಂದ ಬರುವ ಮ್ಯಾನೇಜರ್ ನಿಮ್ಮ ಹೋಟೆಲ್, ಬಸ್ಸು, ಊಟ ನೋಡಿಕೊಳ್ಳುತ್ತಾರೆ. ಅದು ಬೇರೆ ಕೆಲಸ. ಥಾಯ್ಲೆಂಡ್ ಕಾನೂನಿನ ಪ್ರಕಾರ ಅಲ್ಲಿ ಗೈಡ್ ಕೆಲಸ ಮಾಡಲು ಥಾಯ್ ಪ್ರಜೆಯೇ ಆಗಿರಬೇಕು, ಲೈಸೆನ್ಸ್ ಇರಬೇಕು. ಪ್ಯಾಕೇಜ್‌ನಲ್ಲಿ ರಾತ್ರಿ ಎಂದರೆ ಸಾಮಾನ್ಯವಾಗಿ ನದಿಯಲ್ಲಿ ಕ್ರೂಸ್, ಹಿಂದಿ ಹಾಡು, ಬಫೆ ಊಟ. ಅದನ್ನು ಇಷ್ಟಪಡುವವರು ನೋಡಲಿ, ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ಸಂಜೆಯನ್ನು ಪ್ಯಾಕೇಜ್‌ನಿಂದ ಬಿಡಿಸಿಕೊಳ್ಳಿ. ಬುಕ್ ಮಾಡುವಾಗಲೇ ಕೇಳಿದರೆ ಬಿಡುತ್ತಾರೆ.

ಅಸಲಿ ಗೈಡ್ ಎಂದು ತಿಳಿಯುವುದು ಹೇಗೆ?

ಲೈಸೆನ್ಸ್ ಕಾರ್ಡ್‌ನಲ್ಲಿ ಫೋಟೊ, ನಂಬರ್ ಇರುತ್ತದೆ. ಕೊರಳಿಗೆ ಹಾಕಿಕೊಂಡಿರುತ್ತಾರೆ. ಇಲ್ಲದಿದ್ದರೆ ತೋರಿಸಿ ಎಂದು ಕೇಳಿ, ಅಸಲಿ ಗೈಡ್ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಒಳ್ಳೆಯ ಗೈಡ್ ಆಗುವುದಿಲ್ಲ. ಬುಕ್ ಮಾಡುವ ಮುಂಚೆ ಮೆಸೇಜ್ ಮಾಡಿ ನಾಲ್ಕು ಮಾತು ಆಡಿ. ನಾನು ಕೇಳುವುದು ಇಷ್ಟು: ಗುಂಪಿನಲ್ಲಿ ಎಷ್ಟು ಜನ ಇರುತ್ತಾರೆ? ಎಂಟಕ್ಕಿಂತ ಜಾಸ್ತಿ ಇದ್ದರೆ ನಾನು ಬೇಡ ಎನ್ನುತ್ತೇನೆ, ಮಾರ್ಕೆಟ್ ಗದ್ದಲದಲ್ಲಿ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಮಾಂಸ, ಮೀನು, ಮೊಟ್ಟೆ ಇಲ್ಲದ ಊಟ ಎಲ್ಲಿ ಸಿಗುತ್ತದೆ, ಅಂಗಡಿ ಹೆಸರು ಹೇಳಿ? ಇದಕ್ಕೆ "ನೋ ಪ್ರಾಬ್ಲಂ" ಎಂದಷ್ಟೇ ಉತ್ತರ ಬಂದರೆ ಮುಂದೆ ಹೋಗಿ. ಯಾವ ಅಂಗಡಿಗೆ ಶಾಪಿಂಗ್‌ಗೆ ಕರೆದೊಯ್ಯುತ್ತೀರಿ? ಈ ಪ್ರಶ್ನೆಗೆ "ಯಾವುದಕ್ಕೂ ಇಲ್ಲ" ಎನ್ನುವವರು ಬೇಕು. ರತ್ನ, ಚರ್ಮದ ಚೀಲ, ಬಟ್ಟೆ ಹೊಲಿಸುವ ಅಂಗಡಿಗೆ ಕರೆದೊಯ್ಯುವವರಿಗೆ ಅಲ್ಲಿ ಕಮಿಷನ್ ಇರುತ್ತದೆ. ನಿಮ್ಮ ರಾತ್ರಿ ಅಲ್ಲೇ ಮುಗಿಯುತ್ತದೆ.

ಬಂದವರ ರಿವ್ಯೂ ಓದುವಾಗ ನಕ್ಷತ್ರ ಎಣಿಸಬೇಡಿ. ನಿಮ್ಮಂಥವರು, ಅಂದರೆ ಮಕ್ಕಳಿದ್ದವರು, ಸಸ್ಯಾಹಾರಿಗಳು, ಏನು ಬರೆದಿದ್ದಾರೆ ಅದನ್ನು ಹುಡುಕಿ ಓದಿ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಡೆಯುತ್ತದಾ?

ಹಿಂದಿ ಮಾತಾಡುವ ಥಾಯ್ ಗೈಡ್‌ಗಳು ಬ್ಯಾಂಕಾಕ್‌ನಲ್ಲಿ ಸಿಗುತ್ತಾರೆ. ನಮ್ಮ ಕಡೆಯವರಿಗೆ ದಖನಿ, ಹಿಂದಿ ಹುಟ್ಟಿನಿಂದ ಕಿವಿಗೆ ಬಿದ್ದ ಭಾಷೆ, ಅಲ್ವಾ? ನಿಧಾನವಾಗಿ ಮಾತಾಡಿದರೆ ಆಯಿತು. ಇಂಗ್ಲಿಷ್ ಗೈಡ್ ಆದರೂ ಅವರ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯದ್ದು, ಕಾಲೇಜಿಗೆ ಹೋಗುವ ಮಗಳೋ ಮಗನೋ ಜೊತೆಗಿದ್ದರೆ ಸಾಕು. ಗೈಡ್‌ನ ಹೆಸರಿನ ಮುಂದೆ "ಪೀ" ಸೇರಿಸಿ ಕರೆಯಿರಿ. ವಯಸ್ಸಿನಲ್ಲಿ ದೊಡ್ಡವರನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ, ನಾವು ಅಣ್ಣ, ಅಕ್ಕ ಎನ್ನುವ ಹಾಗೆ.

ಯಾವ ದಿನ, ಎಷ್ಟು ಗಂಟೆಗೆ ಹೋಗುವುದು ಒಳ್ಳೆಯದು?

ಊರು ಮುಟ್ಟಿದ ದಿನ ಬೇಡ. ಹೈದರಾಬಾದ್‌ನಿಂದ ವಿಮಾನ ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ. ಅದಕ್ಕೂ ಮುಂಚೆ ಕಲಬುರಗಿಯಿಂದ ರೈಲೋ ಕಾರೋ ಹಿಡಿದು ಬಂದಿರುತ್ತೀರಿ, ನಿದ್ದೆ ಇರುವುದಿಲ್ಲ. ಮರುದಿನದ ಸಂಜೆ ಇಟ್ಟುಕೊಳ್ಳಿ.

ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಅಲ್ಲಿ ರಾತ್ರಿ ಒಂಬತ್ತು ಆದಾಗ ನಮ್ಮಲ್ಲಿ ಏಳೂವರೆ. ನಿಮ್ಮ ಮೈಗೆ ಅದು ಇನ್ನೂ ಸಂಜೆ. ಹಾಗಾಗಿ ರಾತ್ರಿ ತಿರುಗಲು ನಮಗೆ ತಾನಾಗಿಯೇ ಅನುಕೂಲ. ಸಂಜೆ ಆರೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದರೆ ಹಿರಿಯರಿಗೂ ಹಿತ.

ಸೋಮವಾರ ಬೇಡ. ಚೈನಾಟೌನ್‌ನ ಯಾವೋರಾತ್ ರಸ್ತೆಯಲ್ಲಿ ಅಂದು ಬಹಳಷ್ಟು ಬೀದಿ ಅಂಗಡಿಗಳು ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಜೂನ್‌ನಿಂದ ಅಕ್ಟೋಬರ್ ಮಳೆಗಾಲ, ಸಂಜೆ ಹೊತ್ತಿಗೇ ಜೋರಾಗಿ ಸುರಿದು ನಿಲ್ಲುತ್ತದೆ, ಕೊಡೆ ಇರಲಿ.

ಸಸ್ಯಾಹಾರಿಗಳಿಗೆ ನಾನು ಹೇಳುವುದೇ ಬೇರೆ ಕಾಲ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್‌ನಲ್ಲಿ, ಅಲ್ಲಿ ಒಂಬತ್ತು ದಿನ ಸಸ್ಯಾಹಾರದ ಹಬ್ಬ. ಹೆಚ್ಚಾಗಿ ನಮ್ಮ ನವರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ. ಯಾವೋರಾತ್ ತುಂಬಾ ಹಳದಿ ಬಾವುಟ, ಬೀದಿಯಲ್ಲಿ ಮಾಂಸವಿಲ್ಲದ ಅಡುಗೆಯ ಸಾಲು. ಅದೇ ಸಮಯಕ್ಕೆ ಸಿಲೋಮ್ ರಸ್ತೆಯ ಮಾರಿಯಮ್ಮನ್ ಗುಡಿಯಲ್ಲಿ ನವರಾತ್ರಿ. ತಮಿಳರು 19ನೇ ಶತಮಾನದಲ್ಲಿ ಕಟ್ಟಿದ ಗುಡಿ ಅದು. ವಿಜಯದಶಮಿ ರಾತ್ರಿ ಅಮ್ಮನ ಮೆರವಣಿಗೆ ಹೊರಡುತ್ತದೆ, ರಸ್ತೆ ಬಂದ್ ಮಾಡುತ್ತಾರೆ, ಥಾಯ್ ಜನ ಸಾವಿರಗಟ್ಟಲೆ ಬಂದು ರಸ್ತೆ ಬದಿಯಲ್ಲಿ ಹೂ, ಹಣ್ಣು, ಕಾಯಿ ಇಟ್ಟು ಕಾಯುತ್ತಾರೆ. ದಸರಾ ರಜೆಯಲ್ಲಿ ಹೋಗುವವರು ಇದನ್ನು ಬಿಡಲೇಬಾರದು.

ಒಂದೇ ರಾತ್ರಿ ಇದೆ. ಎಲ್ಲೆಲ್ಲಿ ಕರೆದೊಯ್ಯಲು ಗೈಡ್‌ಗೆ ಹೇಳಬೇಕು?

ಹಳೇ ಊರು, ಯಾವೋರಾತ್, ಹೂವಿನ ಮಾರ್ಕೆಟ್. ಮೂರೇ ಸಾಕು, ಒಂದಕ್ಕೊಂದು ಹತ್ತಿರ. ಮಾಲ್‌ಗಳನ್ನು ಹಗಲು ಸೆಕೆಯಲ್ಲಿ ನೋಡಿಕೊಳ್ಳಿ.

ಹಳೇ ಊರಿನಲ್ಲಿ ಸಾವೊ ಚಿಂಗ್ ಚಾ ಎಂಬ ದೊಡ್ಡ ಜೋಕಾಲಿಯ ಕಂಬಗಳಿವೆ. ಕೆಂಪು ಬಣ್ಣ, ಸುಮಾರು 21 ಮೀಟರ್ ಎತ್ತರ. 1782ರಲ್ಲಿ ಬ್ಯಾಂಕಾಕ್ ರಾಜಧಾನಿ ಆಯಿತು, ಎರಡೇ ವರ್ಷಕ್ಕೆ ಇದನ್ನು ನಿಲ್ಲಿಸಿದರು. ಶಿವ ಭೂಮಿಗೆ ಬರುವ ದಿನವೆಂದು ಅಲ್ಲಿಯ ಬ್ರಾಹ್ಮಣರು ನಡೆಸುತ್ತಿದ್ದ ಹಬ್ಬದಲ್ಲಿ, ಯುವಕರು ಜೋಕಾಲಿ ಜೀಕಿ ಮೇಲೆ ಕಟ್ಟಿದ ನಾಣ್ಯದ ಚೀಲವನ್ನು ಹಲ್ಲಿನಿಂದ ಹಿಡಿಯುತ್ತಿದ್ದರು. ಬಿದ್ದು ಸಾಯುವವರು ಇದ್ದುದರಿಂದ 1935ರಲ್ಲಿ ನಿಲ್ಲಿಸಿದರು. ಪಕ್ಕದಲ್ಲೇ ಶಿವ, ಗಣೇಶ, ವಿಷ್ಣುವಿನ ಗುಡಿಗಳು, ಈಗಲೂ ಪೂಜೆ ಇದೆ. ಬೌದ್ಧರ ದೇಶದ ರಾಜಮನೆತನದ ವಿಧಿಗಳನ್ನು ಇಂದಿಗೂ ಈ ಬ್ರಾಹ್ಮಣರು ಮಾಡುತ್ತಾರೆ. ರಾತ್ರಿ ಗುಡಿ ಮುಚ್ಚಿರುತ್ತದೆ, ಕಂಬಗಳಿಗೆ ಮಾತ್ರ ದೀಪ. ಗೈಡ್ ಇಲ್ಲದಿದ್ದರೆ "ಏನೋ ಎರಡು ಕಂಬ" ಎಂದು ದಾಟಿ ಹೋಗುತ್ತೀರಿ.

ಅಲ್ಲಿಂದ ಟುಕ್‌ಟುಕ್‌ನಲ್ಲಿ ಚಾವೋ ಫ್ರಾಯಾ ನದಿ ದಡಕ್ಕೆ ಹೋಗಿ, ಆಚೆ ದಡದ ವಾಟ್ ಅರುಣ್ (ವಾಟ್ ಎಂದರೆ ಬೌದ್ಧರ ಗುಡಿ) ದೀಪದಲ್ಲಿ ಹೊಳೆಯುವುದನ್ನು ನೋಡಿ. ಅರಮನೆ, ಮಲಗಿದ ಬುದ್ಧನ ವಾಟ್ ಫೋ, ಇವುಗಳ ಒಳಗೆ ಹೋಗಬೇಕಾದರೆ ಹಗಲೇ ಹೋಗಬೇಕು. ಅರಮನೆಯ ಟಿಕೆಟ್ ಮಧ್ಯಾಹ್ನ ಮೂರೂವರೆಗೇ ಬಂದ್. ಮಲಗಿದ ಬುದ್ಧ 46 ಮೀಟರ್ ಉದ್ದ, ಅದನ್ನು ತಪ್ಪಿಸಬೇಡಿ.

ಯಾವೋರಾತ್‌ಗೆ ಎಂಟರ ಹೊತ್ತಿಗೆ ಮುಟ್ಟಿ. ಒಂದೂವರೆ ಕಿಲೋಮೀಟರ್ ರಸ್ತೆ, ಎರಡೂ ಕಡೆ ಚೀನೀ ಅಕ್ಷರದ ದೀಪದ ಬೋರ್ಡ್, ಬಂಗಾರದ ಅಂಗಡಿ, ಅದರ ಮುಂದೆ ಉರಿಯುವ ಒಲೆಗಳು. ಸುಟ್ಟ ಚೆಸ್ಟ್‌ನಟ್, ಹಿಂಡಿದ ದಾಳಿಂಬೆ ರಸ, ಮಾವಿನ ಹಣ್ಣಿನ ಜೊತೆ ತೆಂಗಿನ ಹಾಲು ಬೆರೆಸಿದ ಅಂಟು ಅನ್ನ. ರಸ್ತೆಯ ಕೊನೆಯಲ್ಲಿ ವಾಟ್ ತ್ರೈಮಿತ್. ಒಳಗಿರುವ ಬಂಗಾರದ ಬುದ್ಧನ ತೂಕ ಐದೂವರೆ ಟನ್. ಬಹಳ ಕಾಲ ಅದರ ಮೇಲೆ ಗಾರೆ ಮೆತ್ತಿತ್ತು, ಗಾರೆಯ ಮೂರ್ತಿ ಎಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಸಾಗಿಸುವಾಗ ಗಾರೆ ಒಡೆದು ಒಳಗಿನ ಬಂಗಾರ ಕಂಡಿತು.

ಕೊನೆಗೆ ಪಾಕ್ ಖ್ಲೊಂಗ್ ತಲಾತ್, ಹೂವಿನ ಮಾರ್ಕೆಟ್. 24 ತಾಸೂ ತೆರೆದಿರುತ್ತದೆ, ಆದರೆ ಜೀವ ಬರುವುದು ರಾತ್ರಿ ಹತ್ತರ ಮೇಲೆ. ಸುತ್ತಲ ಜಿಲ್ಲೆಗಳಿಂದ ಟ್ರಕ್ ಬಂದು ಇಳಿಯುತ್ತವೆ. ಚೆಂಡು ಹೂ ಚೀಲಗಟ್ಟಲೆ, ಮಲ್ಲಿಗೆ ಮೊಗ್ಗು ಐಸ್ ಮೇಲೆ, ಕಮಲದ ಕಟ್ಟು, ಆರ್ಕಿಡ್, ಬಾಳೆ ಎಲೆ. ನಮ್ಮಲ್ಲಿ ಹನುಮಪ್ಪನಿಗೆ ಏರಿಸುವ ಎಕ್ಕದ ಹೂ ಅಲ್ಲಿಯ ಹಾರದಲ್ಲೂ ಇದೆ. ಅದನ್ನು ನೋಡಿ ನಮ್ಮ ಹೆಣ್ಣುಮಕ್ಕಳಿಗೆ ಆಗುವ ಖುಷಿ ನಾನು ಯಾವ ಮಾಲ್‌ನಲ್ಲೂ ನೋಡಿಲ್ಲ. ಕೂಲಿಯವರು ಬುಟ್ಟಿ ತುಂಬಿದ ಗಾಡಿ ತಳ್ಳಿಕೊಂಡು ಓಡುತ್ತಿರುತ್ತಾರೆ, ದಾರಿ ಬಿಡಿ. ಅದು ಅವರ ದುಡಿಮೆಯ ಹೊತ್ತು.

ಇನ್ನೂ ಸಮಯ ಇದ್ದರೆ ಹುವಾಯ್ ಖ್ವಾಂಗ್ ಸರ್ಕಲ್‌ನ ಗಣಪತಿ. ರಸ್ತೆ ಬದಿಯ ಗುಡಿ, ರಾತ್ರಿಯಿಡೀ ಜನ ಬರುತ್ತಾರೆ. ಮೆಟ್ರೊ ಸ್ಟೇಷನ್ ಪಕ್ಕದಲ್ಲೇ ಇದೆ.

ನಾವು ಶುದ್ಧ ಸಸ್ಯಾಹಾರಿಗಳು. ಬೀದಿಯಲ್ಲಿ ತಿನ್ನಲು ಏನಾದರೂ ಇದೆಯಾ?

ಇದೆ, ಆದರೆ ಗೈಡ್ ಇಲ್ಲದೆ ಕಷ್ಟ. ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು ಮೀನಿನ ಸಾಸ್ ಹಾಕುತ್ತಾರೆ. ತರಕಾರಿ ಪಲ್ಯಕ್ಕೆ ಕೂಡ ಆಯ್ಸ್ಟರ್ ಎಂಬ ಚಿಪ್ಪಿನ ಜೀವಿಯ ಸಾಸ್. ಪಪ್ಪಾಯಿ ಕೋಸಂಬರಿಯಂಥ ಸೋಮ್ ತಾಮ್‌ನಲ್ಲಿ ಒಣ ಸಿಗಡಿ. "ವೆಜ್" ಎಂದರೆ ಮಾಂಸದ ತುಂಡು ಬೇಡ ಎಂದಷ್ಟೇ ಅವರು ತಿಳಿಯಬಹುದು. ಅವರ ತಪ್ಪಲ್ಲ ಅದು, ಅವರ ಲೆಕ್ಕದಲ್ಲಿ ಸಾಸ್ ಮಾಂಸವಲ್ಲ.

ನೀವು ಹೇಳಬೇಕಾದ ಮಾತು "ಜೇ". ಚೀನೀ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಜೈನ ಬಂಧುಗಳಿಗೂ ಬಹಳ ಮಟ್ಟಿಗೆ ಸರಿಹೋಗುತ್ತದೆ, ಗಡ್ಡೆ ತರಕಾರಿ ಮಾತ್ರ ಕೇಳಿಕೊಳ್ಳಬೇಕು. ಜೇ ಅಂಗಡಿ ಮುಂದೆ ಹಳದಿ ಬಾವುಟ, ಅದರ ಮೇಲೆ 17 ಅಂಕಿಯಂತೆ ಕಾಣುವ ಕೆಂಪು ಅಕ್ಷರ. "ಮಂಗ್ಸವಿರತ್" ಎಂದರೆ ಮೊಟ್ಟೆ, ಹಾಲು ಇರುವ ಸಸ್ಯಾಹಾರ. ಮೊಟ್ಟೆ ತಿನ್ನದವರು ಜೇ ಎಂದೇ ಹೇಳಿ.

ಬಾಣಲೆ, ಎಣ್ಣೆಯ ಬಗ್ಗೆ ಕೂಡ ಯೋಚಿಸಿ. ಬೀದಿಯಲ್ಲಿ ಒಂದೇ ಬಾಣಲೆಯಲ್ಲಿ ಹಂದಿಯೂ ನೂಡಲ್ಸೂ ಬೇಯುತ್ತದೆ. ಅದನ್ನು ಒಪ್ಪದವರು ಬೀದಿಯಲ್ಲಿ ಹಣ್ಣು, ರಸ, ಎಳನೀರು, ಚೆಸ್ಟ್‌ನಟ್, ಮಾವಿನ ಅಂಟು ಅನ್ನ, ಸುಟ್ಟ ಬಾಳೆಹಣ್ಣು, ತೆಂಗಿನ ಐಸ್‌ಕ್ರೀಂ ಇಷ್ಟಕ್ಕೆ ನಿಲ್ಲಿ. ಊಟಕ್ಕೆ ಫಾಹುರತ್‌ಗೆ ಹೋಗಿ. ಹೂವಿನ ಮಾರ್ಕೆಟ್‌ನಿಂದ ನಡೆದು ಹೋಗುವಷ್ಟೇ ದೂರ, ಬಟ್ಟೆ ಅಂಗಡಿಗಳ ಬೀದಿ, ಭಾರತದ ಊಟದ ಹೋಟೆಲ್‌ಗಳಿವೆ. ಬೇಗ ಮುಚ್ಚುತ್ತವೆ, ಹಾಗಾಗಿ ಮೊದಲು ಉಂಡು ಆಮೇಲೆ ತಿರುಗಿ. ಅಲ್ಲೇ ಬಂಗಾರದ ಗುಮ್ಮಟದ ದೊಡ್ಡ ಗುರುದ್ವಾರವೂ ಇದೆ. ಬೀದರ್‌ನ ನಾನಕ್ ಝೀರಾ ನೋಡಿ ಬೆಳೆದವರಿಗೆ ಅಲ್ಲಿ ಕಾಲಿಟ್ಟರೆ ಪರದೇಶ ಅನ್ನಿಸುವುದಿಲ್ಲ.

ಬಾಳೆಹಣ್ಣಿನ ರೊಟ್ಟಿ ಎಂದು ತಳ್ಳುಗಾಡಿಯಲ್ಲಿ ಮಾರುತ್ತಾರೆ, ಮಕ್ಕಳಿಗೆ ಬಹಳ ಇಷ್ಟ. ಅದಕ್ಕೆ ಮೊಟ್ಟೆ ಒಡೆದು ಹಾಕುತ್ತಾರೆ. "ಮಾಯ್ ಸಾಯ್ ಖಾಯ್" ಎಂದರೆ ಮೊಟ್ಟೆ ಹಾಕಬೇಡಿ ಎಂದು. ಆದರೂ ಹಿಟ್ಟಿನಲ್ಲಿ ಇದೆಯಾ ಎಂದು ಗೈಡ್‌ನಿಂದ ಕೇಳಿಸಿ.

ಇನ್ನು, ಕಟಕ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿ ಇರಲಿ. ರಾತ್ರಿ ಹೋಟೆಲ್‌ಗೆ ಬಂದ ಮೇಲೆ ಯಾರಿಗಾದರೂ ಹಸಿವಾಗಿಯೇ ಆಗುತ್ತದೆ.

ಹಲಾಲ್ ಊಟ?

ಸುಲಭ. ಥಾಯ್ ಮುಸ್ಲಿಮರು ಬ್ಯಾಂಕಾಕ್‌ನಲ್ಲಿ ಬಹಳ ಜನ ಇದ್ದಾರೆ. ಹಲಾಲ್ ಅಂಗಡಿಗಳಲ್ಲಿ ವಜ್ರದ ಆಕಾರದ ಹಲಾಲ್ ಮುದ್ರೆ ನೋಡಿ. ಸುಖುಮ್ವಿತ್ ರಸ್ತೆಯ ಸೋಯ್ 3ರ (ಸೋಯ್ ಎಂದರೆ ಓಣಿ) ಅರಬ್ ಬೀದಿಯಲ್ಲಿ ತಡರಾತ್ರಿವರೆಗೆ ಊಟ ಸಿಗುತ್ತದೆ. ಅದು ನಾನಾ ಬಾರ್‌ಗಳ ಎದುರು ದಿಕ್ಕಿನಲ್ಲಿದೆ, ಟ್ಯಾಕ್ಸಿಯಲ್ಲಿ ನೇರ ಅಂಗಡಿ ಬಾಗಿಲಿಗೆ ಇಳಿಯಿರಿ. ಬಾಂಗ್ ರಾಕ್‌ನ ಹಾರೂನ್ ಮಸೀದಿ ಸುತ್ತಲ ಓಣಿಗಳೂ ಚೆನ್ನ, ಅದು ನದಿ ಹತ್ತಿರದ ಹಳೇ ಮುಸ್ಲಿಂ ಕೇರಿ.

ಅವ್ವನಿಗೆ ಮೊಣಕಾಲು ನೋವು. ಚಿಕ್ಕ ಮಗುವೂ ಇದೆ.

ನಡೆಯುವ ಟೂರ್ ಬದಲು ಟುಕ್‌ಟುಕ್ ಟೂರ್ ಕೇಳಿ. ಅದೇ ಟುಕ್‌ಟುಕ್ ರಾತ್ರಿಯಿಡೀ ನಿಮ್ಮ ಜೊತೆ ಇರುತ್ತದೆ, ನಿಂತಲ್ಲಿ ಇಳಿಯುವುದು, ಮತ್ತೆ ಹತ್ತುವುದು. ಫುಟ್‌ಪಾತ್‌ಗಳು ಏರುತಗ್ಗು, ಮಗುವಿನ ತಳ್ಳುಗಾಡಿ ಯಾವೋರಾತ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ಶೌಚಾಲಯ ಎಲ್ಲಿದೆ ಎಂದು ಶುರುವಿನಲ್ಲೇ ಗೈಡ್‌ಗೆ ಕೇಳಿ ಇಟ್ಟುಕೊಳ್ಳಿ, ಸಂಕೋಚ ಬೇಡ. ಅಲ್ಲಿ ಸಾಮಾನ್ಯವಾಗಿ ನೀರಿನ ಪೈಪ್ ಇರುತ್ತದೆ, ಆ ಚಿಂತೆ ಇಲ್ಲ.

ಹೆಣ್ಣುಮಕ್ಕಳೇ ಸೇರಿ ಹೋಗುತ್ತಿದ್ದೇವೆ. ಸುರಕ್ಷಿತವಾ?

ಜನ ಇರುವ ಬೀದಿಗಳಲ್ಲಿ ಹೌದು. ಅಲ್ಲಿ ರಾತ್ರಿ ಅಂಗಡಿ ನಡೆಸುವವರಲ್ಲಿ ಹೆಂಗಸರೇ ಜಾಸ್ತಿ. ಮಹಿಳಾ ಗೈಡ್ ಬೇಕು ಎಂದು ಕೇಳಿದರೆ ಸಿಗುತ್ತಾರೆ, ನಾನು ಅದನ್ನೇ ಹೇಳುತ್ತೇನೆ. ಮೆಟ್ರೊ, ಸ್ಕೈಟ್ರೇನ್ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತವೆ. ಆಮೇಲೆ ಗ್ರ್ಯಾಬ್ ಅಥವಾ ಬೋಲ್ಟ್ ಆಪ್‌ನಲ್ಲಿ ಕಾರು ಕರೆಯಿರಿ, ಗೈಡ್ ನಿಮ್ಮನ್ನು ಕಾರು ಹತ್ತಿಸಿಯೇ ಹೋಗಲಿ. ಇದನ್ನು ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ.

ಮೋಸ ಹೋಗದಂತೆ ಏನು ನೋಡಿಕೊಳ್ಳಬೇಕು?

ಗೈಡ್ ಇದ್ದ ರಾತ್ರಿ ಯಾರೂ ಹತ್ತಿರ ಬರುವುದಿಲ್ಲ. ಇಲ್ಲದ ದಿನಕ್ಕೆ ಹೇಳುತ್ತೇನೆ. "ಇವತ್ತು ಗುಡಿ ಬಂದ್, ಬೇರೆ ಕಡೆ ಕರೆದೊಯ್ಯುತ್ತೇನೆ" ಎನ್ನುವ ಟುಕ್‌ಟುಕ್‌ನವನನ್ನು ನಂಬಬೇಡಿ, ಅದು ರತ್ನದ ಅಂಗಡಿಗೆ ದಾರಿ. ಟುಕ್‌ಟುಕ್‌ಗೆ ಮೀಟರ್ ಇಲ್ಲ, ಕೂರುವ ಮುಂಚೆ ರೇಟು ಮಾತಾಡಿ. ಟ್ಯಾಕ್ಸಿಗೆ ಮೀಟರ್ ಇದೆ, ಸಾಮಾನ್ಯ ಟ್ಯಾಕ್ಸಿಯಲ್ಲಿ 35 ಬಾತ್‌ನಿಂದ (ಬಾತ್ ಎಂದರೆ ಅಲ್ಲಿಯ ದುಡ್ಡು) ಶುರು, ಹಾಕು ಎಂದು ಹೇಳಿ. ಬಣ್ಣದ ಪಟ್ಟಿ ತೋರಿಸಿ "ಶೋ" ಎಂದು ಕರೆಯುವವರ ಹಿಂದೆ ಯಾರೂ ಹೋಗಬಾರದು, ಒಳಗೆ ಹೋದವರಿಗೆ ಬಾಯಿಗೆ ಬಂದ ಬಿಲ್ ಕೊಡುತ್ತಾರೆ.

ಇ-ಸಿಗರೇಟ್ ಅಲ್ಲಿ ನಿಷೇಧ, ಚೀಲದಲ್ಲೂ ಇರಬಾರದು. ಹಸಿರು ಎಲೆಯ ಚಿತ್ರ ಇರುವ ಬಿಸ್ಕತ್ತು, ಚಾಕೊಲೇಟ್ ಮಕ್ಕಳ ಕೈಗೆ ಸಿಗದಂತೆ ನೋಡಿ, ಅದು ಗಾಂಜಾ ಸೇರಿದ್ದು ಆಗಿರಬಹುದು. ಭಾರತಕ್ಕೆ ತಂದರೆ ಜೈಲು.

ಯಾವ ನಡವಳಿಕೆ ಅವರಿಗೆ ನೋವು ಮಾಡುತ್ತದೆ?

ಪರರ ಮಕ್ಕಳ ತಲೆ ಸವರುವುದು ನಮ್ಮಲ್ಲಿ ಪ್ರೀತಿ, ಅಲ್ಲಿ ತಲೆ ಮುಟ್ಟಬಾರದು. ಬುದ್ಧನ ಕಡೆ, ದೊಡ್ಡವರ ಕಡೆ ಕಾಲು ಚಾಚಬಾರದು. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ. ರಾಜಮನೆತನದ ಬಗ್ಗೆ ಹಗುರ ಮಾತು ಬೇಡವೇ ಬೇಡ, ಜೈಲಿಗೆ ಹಾಕುವ ಕಾನೂನಿದೆ. ನೋಟಿನ ಮೇಲೆ ರಾಜನ ಚಿತ್ರ ಇದೆ, ಬಿದ್ದ ನೋಟನ್ನು ಕಾಲಲ್ಲಿ ಒತ್ತಬೇಡಿ. ದನಿ ಏರಿಸಿ ಚೌಕಾಸಿ ಮಾಡಬೇಡಿ. ನಗುತ್ತಾ ಒಂದು ಸಲ ಕೇಳಿ, ಕೊಡದಿದ್ದರೆ ಮುಂದೆ ಹೋಗಿ. ಹೂವಿನ ಬುಟ್ಟಿ ಪಕ್ಕ ಮಲಗಿದ ಕೂಲಿಯವರ ಫೋಟೊ ತೆಗೆಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅಪ್ಪ ಎಪಿಎಂಸಿಯಲ್ಲಿ ಮೂಟೆ ಪಕ್ಕ ಮಲಗಿದ್ದರೆ ಪರದೇಶದವರು ಹಾಗೆ ತೆಗೆಯುವುದನ್ನು ಒಪ್ಪುತ್ತಿದ್ದೆವಾ?

ಖರ್ಚು ಎಷ್ಟು? ಟಿಪ್ ಕೊಡಬೇಕಾ?

ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಇಟ್ಟುಕೊಳ್ಳಿ. ಗೈಡ್ ಹೇಳುವ ರೇಟಿನಲ್ಲಿ ಊಟ, ಟುಕ್‌ಟುಕ್, ಹೋಟೆಲ್‌ಗೆ ಬಿಡುವುದು ಸೇರಿದೆಯಾ ಎಂದು ಕೇಳಿ. ಊಟ ಸೇರಿದ ಟೂರ್ ಸಸ್ಯಾಹಾರಿಗಳಿಗೆ ನಷ್ಟ, ಹತ್ತು ಬಗೆಯಲ್ಲಿ ಎರಡು ತಿನ್ನುತ್ತೀರಿ. ಊಟ ಬಿಟ್ಟು ರೇಟು ಮಾತಾಡಿ. ಐದಾರು ಜನ ಇದ್ದರೆ ನಿಮ್ಮದೇ ಖಾಸಗಿ ಗೈಡ್ ತೆಗೆದುಕೊಂಡರೂ ತಲೆಗೆ ಹೆಚ್ಚು ಬೀಳುವುದಿಲ್ಲ.

ಟಿಪ್ ಕಡ್ಡಾಯ ಅಲ್ಲ. ಆದರೆ ಐದು ತಾಸು ನಿಮ್ಮ ಅವ್ವನ ಕೈ ಹಿಡಿದು ರಸ್ತೆ ದಾಟಿಸಿದವರಿಗೆ ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಕೊಡುವುದನ್ನು ಎರಡೂ ಕೈಯಲ್ಲಿ ಕೊಡಿ.

ಯಾವೋರಾತ್‌ನಲ್ಲಿ ಬಂಗಾರ ಕೊಳ್ಳಬಹುದಾ?

ಈ ಪ್ರಶ್ನೆ ಎಲ್ಲ ಮನೆಯಿಂದಲೂ ಬರುತ್ತದೆ. ಅಲ್ಲಿಯ ಬಂಗಾರ 96.5 ಶೇಕಡಾ ಶುದ್ಧ, ನಮ್ಮ 22 ಕ್ಯಾರೆಟ್‌ಗಿಂತ ಜಾಸ್ತಿ. ತೂಕವನ್ನೂ ಬಾತ್ ಎಂದೇ ಹೇಳುತ್ತಾರೆ, ಒಂದು ಬಾತ್ ಎಂದರೆ ಸುಮಾರು 15.2 ಗ್ರಾಂ. ದುಡ್ಡಿನ ಬಾತ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಆದರೆ ವಾಪಸ್ ಬರುವಾಗ ಕಸ್ಟಮ್ಸ್ ಇದೆ. ಒಡವೆಗೆ ಸುಂಕದ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ಇದ್ದವರಿಗೆ. ವಾರಕ್ಕೆ ಹೋಗಿ ಬರುವವರಿಗೆ ಇಲ್ಲ. ಸುಂಕ ಕಟ್ಟಿದರೆ ಲಾಭ ಏನೂ ಉಳಿಯುವುದಿಲ್ಲ. ಅಂಗಡಿಗಳನ್ನು ಕಣ್ಣು ತುಂಬ ನೋಡಿ, ಕೊಳ್ಳುವುದನ್ನು ಇಲ್ಲೇ ಕೊಳ್ಳಿ.

ಹೊರಡುವ ಮುಂಚೆ ಕಾಗದಪತ್ರ?

ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಊರು ಮುಟ್ಟುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವುದು, ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ನಕಲಿ. ರಾತ್ರಿ ತಿರುಗುವಾಗ ಪಾಸ್‌ಪೋರ್ಟ್ ಜೆರಾಕ್ಸ್, ಪ್ರವೇಶ ಮುದ್ರೆ ಬಿದ್ದ ಪುಟದ ಫೋಟೊ, ಹೋಟೆಲ್‌ನ ವಿಳಾಸ ಥಾಯ್ ಅಕ್ಷರದಲ್ಲಿರುವ ಕಾರ್ಡ್ ಎಲ್ಲರ ಜೇಬಿನಲ್ಲೂ ಇರಲಿ. ಹಿರಿಯರಿಗೆ ಆ ಕಾರ್ಡ್ ಮುಖ್ಯ. ದಾರಿ ತಪ್ಪಿದರೆ ಟ್ಯಾಕ್ಸಿಯವನಿಗೆ ತೋರಿಸಿದರೆ ಸಾಕು.

ಗೈಡ್ ಬರದೇ ಹೋದರೆ, ಅಥವಾ ಏನಾದರೂ ತೊಂದರೆಯಾದರೆ?

ಸೇರುವ ಜಾಗವನ್ನು ಮೆಟ್ರೊ ಸ್ಟೇಷನ್‌ನ ಬಾಗಿಲು ನಂಬರ್ ಸಮೇತ ಬರೆಸಿಕೊಳ್ಳಿ. ವಾಟ್ ಮಂಗ್‌ಕೋನ್ ಸ್ಟೇಷನ್ ಯಾವೋರಾತ್‌ಗೆ ಹತ್ತಿರ, ಒಳಗೆ ತಂಪಾಗಿರುತ್ತದೆ. ಅರ್ಧ ತಾಸು ಕಾಯಿರಿ, ಫೋನ್ ಮಾಡಿ. ಬರದಿದ್ದರೆ ರಾತ್ರಿ ಹಾಳಾಯಿತು ಎಂದು ಹೋಟೆಲ್‌ಗೆ ಮರಳಬೇಡಿ. ಯಾವೋರಾತ್ ಮುಖ್ಯ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆದು, ಕಾರು ಕರೆದು ಹೂವಿನ ಮಾರ್ಕೆಟ್ ನೋಡಿ ವಾಪಸಾಗಿ. ಒಳಗಿನ ಕತ್ತಲೆ ಓಣಿಗಳನ್ನು ಮಾತ್ರ ಬಿಡಿ.

ಪ್ರವಾಸಿಗರ ಪೊಲೀಸ್ ನಂಬರ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆಂಬುಲೆನ್ಸ್‌ಗೆ 1669. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಸುಖುಮ್ವಿತ್ ಸೋಯ್ 23ರಲ್ಲಿರುವ ಭಾರತದ ರಾಯಭಾರ ಕಚೇರಿ. ಈ ನಂಬರ್‌ಗಳನ್ನು ಹೊರಡುವ ಮುಂಚೆಯೇ ಮನೆಯ ಎಲ್ಲರ ಫೋನಿಗೂ ಹಾಕಿಕೊಡಿ.